ಬೀಗರ ಬನ್ನು

ನಮ್ಮ ಬೀಗರ ಮೇಲೆ ನನಗೆ ಸಿಟ್ಟಿತ್ತು. ಸುಮ್ಮನೆ ಬಂದ ಸಿಟ್ಟಲ್ಲ, ಕಾರಣ ಇತ್ತು. ಆ ಕಾರಣವನ್ನು ನನ್ನ ಹೊಲಿಗೆ ಅಂಗಡಿಗೆ ಬಂದವರಿಗೆಲ್ಲ, ಅಳತೆ ತೆಗೆಯುತ್ತಲೇ, ಹೇಳಿಯೂ ಮುಗಿಸಿದ್ದೆ.

ಮಗಳಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡ ಮಧ್ಯಾಹ್ನ ಅಳಿಯ ಕೆಲಸದ ಮೇಲೆ ದೂರದ ಊರಿನಲ್ಲಿದ್ದ. ನನ್ನ ಯಜಮಾನರು ಬಿಟ್ಟುಹೋದ ಹಳೇ ಕಾರಿನಲ್ಲಿ ಅವಳನ್ನು ಗುಡ್ಡದಾಚೆಯ ದೊಡ್ಡಾಸ್ಪತ್ರೆಗೆ ಕರೆದೊಯ್ದವರು ಅವಳ ಮಾವ, ಅಂದರೆ ನಮ್ಮ ಬೀಗರು. ನಾನು ಹಿಂದಿನ ಸೀಟಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಅರ್ಧ ದಾರಿಯಲ್ಲಿ ಈ ಮಹಾನುಭಾವರು ಗಾಡಿ ನಿಲ್ಲಿಸಿದರು, "ಸ್ವಲ್ಪ ನೀರು ಹಾಕ್ತೀನಿ" ಅಂದು ಬಾನೆಟ್ ಎತ್ತಿದರು, ಆಮೇಲೆ ರಸ್ತೆ ಬದಿಯ ಅಂಗಡಿಗೆ ನಡೆದೇಬಿಟ್ಟರು! ನನಗೆ ಮೈಯೆಲ್ಲ ಉರಿದುಹೋಯಿತು. ಕೊನೆಗೆ ಬಾನೆಟ್ ಮುಚ್ಚಿ, ಕೈಗೆ ಕರವಸ್ತ್ರ ಸುತ್ತಿಕೊಂಡು ಬಂದು ಕೂತಾಗ ಕೇಳಿದೆ.

"ಏನ್ ಬೀಗರೇ, ಅಂಗಡೀಲಿ ಅಂಥ ಅರ್ಜೆಂಟ್ ಏನಿತ್ತು?"

"ಹಸಿವಾಗಿತ್ತು. ಒಂದು ಬನ್ನು ತಿಂದೆ" ಅಂದರು, ಅಷ್ಟೇ.

ಸೊಸೆ ನೋವಿನಲ್ಲಿ ಹೊರಳುತ್ತಿದ್ದಾಗ ಬನ್ನು ತಿಂದ ಮನುಷ್ಯ! ಮೊಮ್ಮಗಳು ಹುಟ್ಟಿ, ಅಂಗೈಯಗಲದ ಆ ಕೂಸು ಗಾಜಿನ ಪೆಟ್ಟಿಗೆಯಲ್ಲಿ ಮಲಗಿ, ವಾರಗಳು ಕಳೆದರೂ ಆ ಬನ್ನು ನನಗೆ ಅರಗಿರಲಿಲ್ಲ.

ಅಷ್ಟರಲ್ಲಿ ಚಳಿಗಾಲ ಬಂತು. ಕಾರಿನ ಹೀಟರ್ ಕೈಕೊಟ್ಟಿತು, ರೇಡಿಯೇಟರ್ ಸೋರತೊಡಗಿತು. ಬೆಳಗಾದರೆ ಗಾಡಿಯ ಕೆಳಗೆ ಹಸಿರು ನೀರಿನ ಮಡು. ಆಸ್ಪತ್ರೆಯಿಂದ ಮಗಳ ಫೋನು ಬಂದದ್ದು ಆಗಲೇ.

"ಅಮ್ಮಾ, ನಾಡಿದ್ದು ಮನೆಗೆ ಕಳಿಸ್ತಾರಂತೆ! ಆದ್ರೆ ಗಾಡಿ ಒಳಗೆ ಬೆಚ್ಚಗಿರ್ಲೇಬೇಕಂತೆ. ಪಾಪುಗೆ ಒಂಚೂರೂ ಚಳಿ ತಾಗಬಾರ್ದು. ಇಲ್ದಿದ್ರೆ ಇನ್ನೊಂದು ವಾರ ಇಲ್ಲೇ." ಅಲ್ಲಿಗೆ ಅವಳ ದನಿ ಒಡೆಯಿತು. "ನಂಗಿನ್ನು ಆಗಲ್ಲಮ್ಮ. ಮನೆಗೆ ಬರ್ಬೇಕು."

ರಸ್ತೆಯಲ್ಲಿ ಮಂಜು ಹೆಪ್ಪುಗಟ್ಟಿದ್ದರಿಂದ ಬಾಡಿಗೆ ಗಾಡಿಯವರೆಲ್ಲ ಕೈ ಎತ್ತಿದ್ದರು. ನಮ್ಮ ಮುದಿ ಕಾರೇ ಗತಿ. ಮಾರನೇ ಬೆಳಿಗ್ಗೆ ಅಂಗಡಿ ತೆರೆಯದೆ ಮೆಕ್ಯಾನಿಕ್ಕನ ಶೆಡ್ಡಿಗೆ ಹೋದೆ. ಅವನನ್ನು ಊರೆಲ್ಲ ಕರೆಯುವುದು ಬೋಲ್ಟು ಎಂದು. ನಾನು ಕರೆಯದಿದ್ದರೂ ಬೀಗರು ಹಿಂದೆಯೇ ಬಂದರು. ಮೇಷ್ಟ್ರಾಗಿ ರಿಟೈರಾದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಖಾಲಿ ಎಣ್ಣೆ ಡ್ರಮ್ಮಿನ ಮೇಲೆ ಪೇಪರ್ ಹಾಸಿಕೊಂಡು ಕೂತರು. ನಾನು ಮುಖ ಆಚೆ ತಿರುಗಿಸಿದೆ.

ಬೋಲ್ಟು ಟಾರ್ಚು ಬಿಟ್ಟು ನೋಡಿದ. "ಅಕ್ಕಾ, ರೇಡಿಯೇಟರ್ ಕಥೆ ಮುಗೀತು. ಕೆಳಗಡೆ ಬಿರುಕು ಬಿಟ್ಟಿದೆ. ಬೇರೇದು ಹಾಕ್ಬಿಡೋಣ, ಇದೇ ಗಾಡೀದು ಒಂದಿದೆ ನನ್ ಹತ್ರ."

ಗಾಡಿಯ ಕೆಳಗೆ ಟಬ್ ಇಟ್ಟು ನೀರಿಳಿಸಿದ. ಮೇಲಿನ ಪೈಪು, ಕೆಳಗಿನ ಪೈಪು, ಫ್ಯಾನು ಬಿಚ್ಚಿ, ಹಳೇ ರೇಡಿಯೇಟರನ್ನು ಎತ್ತಿ ಹೊರಗಿಟ್ಟ. ಹೊಸದನ್ನು ಕೂರಿಸಿ, ಕ್ಲಿಪ್ಪು ಬಿಗಿದು, ನೀರು ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿ ಬಿಟ್ಟು ಎಂಜಿನ್ ಓಡಿಸಿದ. ಒಂದು ಹನಿಯೂ ಬೀಳಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಸೀಟಿನಲ್ಲಿ ಕೂತು ಹೀಟರ್ ಗುಂಡಿ ತಿರುಗಿಸಿದೆ. ಮುಖಕ್ಕೆ ಬಡಿದದ್ದು ಫ್ರಿಜ್ಜಿನ ಗಾಳಿ.

ಬೋಲ್ಟು ಎಂಜಿನ್ ಹಿಂದಿನ ಎರಡು ಸಣ್ಣ ಪೈಪು ಮುಟ್ಟಿ ನೋಡಿದ. "ಒಂದು ಸುಡ್ತಿದೆ, ಇನ್ನೊಂದು ತಣ್ಣಗೆ ಕೊರೀತಿದೆ. ಡ್ಯಾಶ್‌ಬೋರ್ಡ್ ಹಿಂದೆ ಇನ್ನೊಂದು ಪುಟ್ಟ ರೇಡಿಯೇಟರ್ ಇರುತ್ತೆ ಅಕ್ಕಾ, ಬಿಸಿ ಗಾಳಿ ಕೊಡೋದು ಅದೇ. ಅದು ಕಟ್ಕೊಂಡಿದೆ." ಆಮೇಲೆ ಹಳೇ ರೇಡಿಯೇಟರಿನ ಬಾಯೊಳಗೆ ಸ್ಕ್ರೂಡ್ರೈವರ್ ತೂರಿಸಿ ಕೆರೆದ. ಬಿಳಿಯ ಚಕ್ಕೆ ಉದುರಿತು. "ನೋಡಿ, ಸುಣ್ಣ. ಗಡಸು ನೀರು ಹಾಕಿದಾರೆ ಯಾರೋ. ಇದು ತೊಳೆದ್ರೆ ಹೋಗಲ್ಲ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಬೇಕು. ಮೂರು ದಿನ ಆದ್ರೂ ಬೇಕು."

ಫೋನಿನಲ್ಲಿ ಒಡೆದ ಮಗಳ ದನಿ ಕಿವಿಯಲ್ಲಿತ್ತು. ನನ್ನ ನಾಲಿಗೆ ನನ್ನ ಹಿಡಿತದಲ್ಲಿ ಉಳಿಯಲಿಲ್ಲ. "ನಮ್ಮೆಜಮಾನ್ರು ಮಕ್ಕಳ ಥರ ನೋಡ್ಕೊಂಡ ಗಾಡಿ ಇದು! ಯಾವ ಪುಣ್ಯಾತ್ಮ ಹಾಕಿದ್ನೋ, ಅವನ ಕೈ ಸೇದುಹೋಗ!"

ಪೇಪರ್ ಸದ್ದಾಯಿತು. ಬೀಗರು ಎದ್ದು ನಿಂತಿದ್ದರು. ಮೊದಲ ದಿನ ಕ್ಲಾಸಿಗೆ ಬಂದ ಹುಡುಗನ ಮುಖವಾಗಿತ್ತು ಅವರದು.

"ಅದು ಸುಣ್ಣ ಅಲ್ಲ" ಅಂದರು. "ಮೊಟ್ಟೆ."

"ಏನು?" ಬೋಲ್ಟೂ ನಾನೂ ಒಟ್ಟಿಗೇ ಕೇಳಿದೆವು.

"ಮೊಟ್ಟೆ. ನಾಲ್ಕು ಒಡೆದು ಹಾಕಿದ್ದೆ. ಕಾಳುಮೆಣಸಿನ ಪುಡೀನೂ ಒಂದಿಷ್ಟು."

"ಉಪ್ಪು ಮರೆತ್ರಾ ಮೇಷ್ಟ್ರೇ?" ಅಂದ ಬೋಲ್ಟು. ಬೀಗರು ನಗಲಿಲ್ಲ. ನನ್ನ ಕಡೆಯೇ ನೋಡಿ ಹೇಳಿದರು.

"ಅವತ್ತು ಗುಡ್ಡ ಹತ್ತೋವಾಗ್ಲೇ ಇದು ಸೋರ್ತಿತ್ತು ಬೀಗಿತ್ತಮ್ಮ. ಬಿಸಿ ತೋರ್ಸೋ ಮುಳ್ಳು ಕೆಂಪಿಗೆ ಹೋಗ್ಬಿಟ್ಟಿತ್ತು. ನೀರು ಹಾಕಿದ್ರೆ ಹಾಕಿದಷ್ಟೂ ಕೆಳಗೆ. ನಮ್ ಸ್ಕೂಲ್ ಬಸ್ಸಿನ ಡ್ರೈವರ್ ಒಂದ್ಸಲ ಮೊಟ್ಟೆ ಹಾಕಿ ತೂತು ಮುಚ್ಚಿದ್ದು ನೋಡಿದ್ದೆ. ಬಿಸಿಗೆ ಬೆಂದು ತೂತಲ್ಲಿ ಕೂತ್ಕೊಳ್ಳುತ್ತೆ. ಅದಕ್ಕೇ ಅಂಗಡಿಗೆ ಹೋಗಿದ್ದು."

"ಬನ್ನು ತಿಂದೆ ಅಂದ್ರಿ?"

"ಗಾಡಿ ಇಲ್ಲೇ ನಿಂತ್ಹೋಗ್ಬಹುದು ಅಂತ ಆ ಹುಡುಗಿ ಎದುರಿಗೆ ಹೇಗ್ ಹೇಳ್ಲಿ? ನೋವಲ್ಲಿದ್ಲು. ಬಾಯಿಗೆ ಬನ್ನು ಅಂತ ಬಂತು, ಅಂದ್ಬಿಟ್ಟೆ."

"ಆಮೇಲಾದ್ರೂ ಹೇಳ್ಬಾರ್ದಾಗಿತ್ತಾ?"

"ನಿಮ್ ಯಜಮಾನ್ರ ಗಾಡಿ. ಅದರೊಳಗೆ ಮೊಟ್ಟೆ ಸುರಿದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ಅದೂ ಅಲ್ದೆ, ನಿಮ್ ಬಾಯಿಗೆ ನಂಗೆ ಭಯ."

ಅಂಗಿಯ ತೋಳು ಸರಿಸಿಕೊಂಡಾಗ ಮಣಿಕಟ್ಟಿನ ಮೇಲೆ ಸುಟ್ಟ ಕಲೆ ಕಂಡಿತು. ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದ ಕೈ. ಕರವಸ್ತ್ರ ಸುತ್ತಿದ್ದು ಅದಕ್ಕೇ. ಬನ್ನಿನ ಕಥೆಯನ್ನು ಊರೆಲ್ಲ ಡಂಗುರ ಹೊಡೆದವಳು ನಾನು.

ಬೋಲ್ಟು ತೊಡೆ ತಟ್ಟಿ ಎದ್ದ. "ಅಯ್ಯೋ ಮೇಷ್ಟ್ರೇ, ಮೊದ್ಲೇ ಹೇಳೋದಲ್ವಾ! ಸುಣ್ಣ ಆದ್ರೆ ಕಲ್ಲು. ಮೊಟ್ಟೆ ಆದ್ರೆ ಬಿಡಿಸ್ಬಹುದು. ಅಕ್ಕಾ, ನೀರು ಕಾಯಿಸಿ!"

ಆ ಎರಡು ಸಣ್ಣ ಪೈಪುಗಳನ್ನು ಕಿತ್ತು, ಬಿಸಿನೀರಿಗೆ ಸೋಪಿನ ಪುಡಿ ಕಲಸಿ ಒಳಗೆ ತುಂಬಿ ನೆನೆಯಲು ಬಿಟ್ಟೆವು. ಆಮೇಲೆ ನಲ್ಲಿ ನೀರನ್ನು ಉಲ್ಟಾ, ಅಂದರೆ ಹೊರಗೆ ಬರುವ ಕಡೆಯಿಂದ ಒಳಗೆ ಬಿಟ್ಟೆವು. ನಲ್ಲಿ ನನ್ನ ಕೈಯಲ್ಲಿ, ಇನ್ನೊಂದು ತುದಿಯ ಪೈಪು ಮತ್ತು ಬಕೆಟ್ಟು ಬೀಗರ ಕೈಯಲ್ಲಿ. ಮೊದಲು ಏನೂ ಬರಲಿಲ್ಲ. ಮತ್ತೆ ಸೋಪು, ಮತ್ತೆ ನೀರು. ಬೆರಳು ಮರಗಟ್ಟಿ ಕೆಂಪಗಾದರೂ ಬೀಗರು ಪೈಪು ಬಿಡಲಿಲ್ಲ. "ಕೊಡಿ, ನಾನು ಹಿಡ್ಕೋತೀನಿ" ಅಂದರೆ, "ಹಾಕಿದವನು ನಾನು, ತೆಗೆಯೋನೂ ನಾನೇ" ಅಂದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೈಪು ಗೊರಗೊರ ಅಂದಿತು. ಬೀಗರು ಬಗ್ಗಿ ನೋಡಿದ್ದೇ ತಡ, ಬಿಳಿ ಚೂರು, ಕರಿ ಮೆಣಸು, ಎಲ್ಲ ಒಟ್ಟಿಗೆ ನುಗ್ಗಿ ಇಸ್ತ್ರಿ ಅಂಗಿಯ ಮೇಲೆ ಬಿತ್ತು. ಗಡ್ಡದಲ್ಲಿ ಮೊಟ್ಟೆ ಅಂಟಿಸಿಕೊಂಡು ಅವರು ನನ್ನತ್ತ ನೋಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು. ಬೀಗತನ ಕೂಡಿದ ಮೇಲೆ ಅವರ ಹಲ್ಲು ಕಂಡದ್ದು ಅದೇ ಮೊದಲು.

ಪೈಪು ಜೋಡಿಸಿ ಎಂಜಿನ್ ಓಡಿಸಿ ಕಾದೆವು. ಗಾಳಿ ಮೊದಲು ತಣ್ಣಗೆ, ಆಮೇಲೆ ಉಗುರುಬೆಚ್ಚಗೆ, ಆಮೇಲೆ ನಿಜವಾಗಿ ಬಿಸಿ ಬಂತು. ಎರಡೂ ಕೈ ಅದಕ್ಕೆ ಹಿಡಿದು ಅತ್ತುಬಿಟ್ಟೆ. "ನಿಮ್ಮಿಂದ ನನ್ ಮಗಳು ಉಳಿದ್ಲು ಬೀಗರೇ" ಅಂದೆ. "ಇವತ್ತು ಬಾಯಿಬಿಟ್ರಲ್ಲ, ಅದ್ರಿಂದ ಮನೆಗೂ ಬರ್ತಾಳೆ." ಅವರು ಗಡ್ಡ ಒರೆಸಿಕೊಳ್ಳುತ್ತ ಆಚೆ ನೋಡಿದರು.

ಮರುದಿನ ಗುಡ್ಡ ಇಳಿಯುವಾಗ ಕಾರಿನೊಳಗೆ ನನ್ನ ಸ್ವೆಟರೇ ಹೆಚ್ಚಾಗುವಷ್ಟು ಬೆಚ್ಚಗಿತ್ತು. ಹಿಂದೆ ಮಗಳ ಎದೆಗೊರಗಿ ಮೊಮ್ಮಗಳು ನಿದ್ದೆ ಹೋಗಿದ್ದಳು. ನಾನು ಮುಂದೆ, ಬೀಗರ ಪಕ್ಕ ಕೂತಿದ್ದೆ. ಆ ಅಂಗಡಿ ಕಂಡಿತು.

"ನಿಲ್ಸಿ" ಅಂದೆ.

ಬೀಗರು ಗಾಬರಿಯಾಗಿ ಮುಳ್ಳು ನೋಡಿದರು. "ಯಾಕೆ? ಸೋರ್ತಿದ್ಯಾ?"

ನಾನು ಇಳಿದು, ಚಳಿ ಒಳಗೆ ನುಗ್ಗದ ಹಾಗೆ ಬಾಗಿಲು ಹಾಕಿಕೊಂಡು ಅಂಗಡಿಗೆ ಹೋದೆ. ತಿರುಗಿ ಬಂದು ಪೇಪರಿನಲ್ಲಿ ಸುತ್ತಿದ್ದನ್ನು ಅವರ ಸುಟ್ಟ ಕೈಗೇ ಕೊಟ್ಟೆ.

"ಏನಿದು?"

"ಬನ್ನು" ಅಂದೆ. "ಅವತ್ತು ನೀವು ತಿಂದಿರ್ಲಿಲ್ಲ. ತಿನ್ನಿ, ನಾವು ಕಾಯ್ತೀವಿ."