ಅಲುಗದ ಹಾಸಿಗೆ

"ನಾಚಿಕೋಬೇಡಿ ಮೇಡಂ, ಇಲ್ಲಿಗೆ ಬಂದೋರೆಲ್ಲ ಮಲಗೋರೇ," ಎಂದ ಅಂಗಡಿಯವನು. "ನಿಂತುಕೊಂಡು ಹಾಸಿಗೆ ಆರಿಸಿದೋರು ಆಮೇಲೆ ಕೂತ್ಕೊಂಡು ಅಳ್ತಾರೆ. ಹ್ಞೂ, ಚಪ್ಪಲಿ ಬಿಟ್ಟು ಒರಗಿ. ಸರ್, ನೀವು ಆ ಕಡೆ."

ಗಂಡ ಆಗಲೇ ಒಂದು ಮೊಣಕಾಲು ಊರಿ ಹಾಸಿಗೆಯನ್ನು ಒತ್ತಿ ನೋಡುತ್ತಿದ್ದ. ಅಪಘಾತವಾದ ಗಾಡಿಗಳನ್ನು ತಟ್ಟಿ, ಒತ್ತಿ, ವಿಮೆಯವರಿಗೆ ನಷ್ಟ ಇಷ್ಟೆಂದು ಬರೆದುಕೊಡುವುದು ಅವನ ಕೆಲಸ. ಮನೆಯಲ್ಲೂ ಯಾವ ವಸ್ತುವನ್ನಾದರೂ ಹಾಗೆಯೇ ಮುಟ್ಟುತ್ತಿದ್ದ, ಎಲ್ಲಿ ತಗ್ಗಾಗಿದೆ ಎಂದು ಮೊದಲು ಹುಡುಕುವವನ ಹಾಗೆ.

ಅವಳು ಒರಗಿದಳು. ಕೈ ಎಲ್ಲಿಡುವುದೆಂದು ತಿಳಿಯದೆ ಹೊಟ್ಟೆಯ ಮೇಲಿಟ್ಟುಕೊಂಡಳು.

ಇದು ಸ್ಪ್ರಿಂಗ್ ಹಾಸಿಗೆ. ಗಂಡ ಪಕ್ಕಕ್ಕೆ ಬಂದು ಮೈ ಚೆಲ್ಲಿದ್ದೇ ತಡ, ಅವಳು ಇಷ್ಟೆತ್ತರ ಪುಟಿದು ಅವನ ಕಡೆ ಉರುಳಿದಳು. ಭುಜಕ್ಕೆ ಭುಜ ಬಡಿಯಿತು.

"ಸಾರಿ," ಎಂದ ಗಂಡ.

"ಪರವಾಗಿಲ್ಲ," ಎಂದಳು ಅವಳು.

ಬಸ್ಸಿನಲ್ಲಿ ಮೈ ತಾಗಿದ ಇಬ್ಬರು ಅಪರಿಚಿತರ ಹಾಗೆ ಇಬ್ಬರೂ ತಂತಮ್ಮ ಜಾಗಕ್ಕೆ ಸರಿದುಕೊಂಡರು. ಭುಜ ಮಾತ್ರ ಅವಳಿಗೆ ಬಿಸಿಯಾಗಿಯೇ ಉಳಿಯಿತು. 'ಇದೇ ಇರಲಿ' ಎಂದು ಗಂಡ ಅಂದರೆ ಸಾಕು ಅಂದುಕೊಂಡಳು.

"ಇದರಲ್ಲಿ ನಿನ್ನ ನಿದ್ದೆ ಕೆಡುತ್ತೆ," ಎಂದ ಗಂಡ.

"ನಿಮ್ಮ ಬೆನ್ನಿಗೂ ಆಗಲ್ಲ," ಎಂದಳು ಅವಳು.

ಬೆನ್ನು. ಎಲ್ಲ ಅಲ್ಲಿಂದಲೇ ಶುರುವಾದದ್ದು. ಹೋದ ವರ್ಷ ಬೆನ್ನು ಹಿಡಿದುಕೊಂಡಾಗ, ಗಟ್ಟಿ ಜಾಗ ಬೇಕೆಂದು ಗಂಡ ಹೊರಗಿನ ಕೋಣೆಯ ದಿವಾನದ ಮೇಲೆ ಮಲಗತೊಡಗಿದ. ನೋವು ಬೇಗನೇ ಬಿಟ್ಟಿತು. ಗಂಡ ಒಳಗೆ ಬರಲಿಲ್ಲ, ಅವಳೂ ಕರೆಯಲಿಲ್ಲ. ತನ್ನ ಗೊರಕೆಯಿಂದ ಅವಳಿಗೆ ತೊಂದರೆ ಎಂದು ಅವನು. ಕರೆದರೆ ಅವನಿಗೆ ಸಂಕೋಚ ಎಂದು ಅವಳು. ಜಗಳವಾಡಿದ್ದರೆ ರಾಜಿಯಾಗಬಹುದಿತ್ತು. ಜಗಳವನ್ನೇ ಆಡದವರು ಯಾವುದಕ್ಕೆಂದು ರಾಜಿಯಾಗುವುದು?

ಕೊನೆಗೆ ಸಿಕ್ಕ ನೆಪ ಈ ಹಾಸಿಗೆ. ಸಂಜೆಗೆ ಅದು ಮನೆಗೆ ಬಂದರೆ ಅವನೂ ಕೋಣೆಗೆ ಬರುತ್ತಾನೆ. ಬಂದೂ ಏನೂ ಆಗದಿದ್ದರೆ, ಇನ್ನು ಮೇಲೆ ತಪ್ಪನ್ನು ಹಾಸಿಗೆಯ ಮೇಲೆ ಹೊರಿಸುವ ಹಾಗಿಲ್ಲ.

"ಹಾಸಿಗೆ ಬದಲಾಯಿಸಿದ್ರೆ ಗಂಡ ಬದಲಾಗ್ತಾನೇನೇ?" ಎಂದು ಬೆಳಿಗ್ಗೆ ಫೋನಿನಲ್ಲಿ ಅಕ್ಕ ನಕ್ಕಿದ್ದಳು. "ನಿಮ್ಮ ಭಾವಂಗೆ ಚಾಪೆ ಹಾಸಿದ್ರೂ ಕೈಕಾಲೆಲ್ಲ ನನ್ನ ಮೇಲೇನೇ." ಬೈಯುವ ದನಿಯಲ್ಲಿ ಹೇಳಿದ್ದಳು. ಕೇಳಿ ಇವಳಿಗೆ ಹೊಟ್ಟೆಯುರಿಯಿತು. ಅಕ್ಕನ ಮೇಲಲ್ಲ, ಆ ಚಾಪೆಯ ಮೇಲೆ.

ಗಂಡನೇನು ಸುಮ್ಮನೆ ಕೂತವನಲ್ಲ. ಒಂದು ವಾರದಿಂದ ಫೋನಿನಲ್ಲಿ ಓದಿ ತಿಳಿದುಕೊಂಡಿದ್ದ. ದಂಪತಿಗಳಿಗೆ ಪುಟಿಯುವುದು ಒಳ್ಳೆಯದೋ ಹೂತುಕೊಳ್ಳುವುದು ಒಳ್ಳೆಯದೋ, ರಬ್ಬರಿನದಾದರೆ ಹೇಗೆ ಎಂದು ಟೈರಿನ ವಿಷಯ ಓದಿದ ಹಾಗೆ ಅವಳಿಗೆ ಓದಿ ಹೇಳಿದ್ದ. 'ಆತ್ಮೀಯ ಕ್ಷಣಗಳಲ್ಲಿ' ಎಂಬ ಮಾತು ಬಂದ ಕಡೆ ಕೆಮ್ಮಿ, ಮುಂದಿನ ಸಾಲಿಗೆ ಹಾರಿದ್ದ.

"ಸ್ಪ್ರಿಂಗು ಬಾಯಿಬಡುಕ ಸರ್," ಎಂದು ಅಂಗಡಿಯವನು ಅವರನ್ನು ಒಳಗಿನ ಸಾಲಿಗೆ ಕರೆದೊಯ್ದ. "ಈ ಕಡೇದನ್ನ ತಗೊಂಡೋಗಿ ಆ ಕಡೆ ಹೇಳುತ್ತೆ. ಇದು ನೋಡಿ, ಮೆಮರಿ ಫೋಮು, ಮಲಗಿದೋರ ಮೈ ಅಚ್ಚು ಹಿಡಿದಿಟ್ಕೊಳ್ಳುತ್ತೆ. ಗುಟ್ಟು ಬಿಡೋದಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಮಲಗಿದ ಮೇಲೇನು ಅಂತ ಯಾರೂ ಹೇಳಿಲ್ಲ. ನಮ್ಮ ವ್ಯಾಪಾರ ಅಲ್ಲಿಂದ ಮುಂದೆ."

ಮಾತಾಡುವಾಗ ಅವನು ಬಲಗಿವಿಯನ್ನೇ ಮುಂದೆ ಮಾಡುತ್ತಿದ್ದ. ಎಡಗಿವಿ ಅಷ್ಟಕ್ಕಷ್ಟೇ ಎಂದು ಅವಳಿಗೆ ಬಂದ ಕೂಡಲೇ ಗೊತ್ತಾಗಿತ್ತು. ಆಸ್ಪತ್ರೆಯಲ್ಲಿ ಅವಳದು ಕಿವಿ ಪರೀಕ್ಷೆಯ ಕೆಲಸ. ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಗಾಜಿನ ಈಚೆಯಿಂದ ಗುಂಡಿ ಒತ್ತುವುದು. 'ಕೇಳಿದಾಗ ಕೈ ಎತ್ತಿ, ಕೇಳದಿದ್ದರೆ ಸುಮ್ಮನಿರಿ' ಎನ್ನುವುದು.

ಈ ಒಳಗಿನ ಸಾಲೂ ಆ ಕೋಣೆಯ ಹಾಗೆಯೇ ಇತ್ತು. ರಸ್ತೆಯ ಸದ್ದು ಬಾಗಿಲಲ್ಲೇ ನಿಂತುಬಿಟ್ಟಿತ್ತು. ಗೋಡೆಗೆ ಒರಗಿಸಿದ, ಒಂದರ ಮೇಲೊಂದು ಪೇರಿಸಿದ ಹಾಸಿಗೆಗಳು ಆಡಿದ ಮಾತನ್ನೆಲ್ಲ ಕುಡಿದುಬಿಡುತ್ತಿದ್ದವು. ಬಾಯಿಂದ ಹೊರಟ ಮಾತು ಎದುರಿನವರನ್ನು ತಲುಪುವುದರೊಳಗೆ ಬತ್ತಿಹೋಗುತ್ತಿತ್ತು. ಒಂದೇ ವ್ಯತ್ಯಾಸ: ಅಲ್ಲಿ ಅವಳು ಯಾವಾಗಲೂ ಗಾಜಿನ ಈಚೆ ಇರುತ್ತಿದ್ದಳು.

ಇಬ್ಬರೂ ಮಲಗಿದರು. ಹಾಸಿಗೆ ಅವರನ್ನು ಸದ್ದಿಲ್ಲದೆ ಒಳಗೆಳೆದುಕೊಂಡಿತು.

"ಸರ್, ಕಣ್ಣು ಮುಚ್ಚಿ. ಮೇಡಂ ಒಂದು ಸಲ ಮೆತ್ತಗೆ ಏಳ್ತಾರೆ. ಗೊತ್ತಾದ ಕೂಡಲೇ ಕೈ ಎತ್ತಬೇಕು, ಆಯ್ತಾ?"

ತನ್ನ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿ ಅವಳಿಗೆ ಹೇಗೋ ಆಯಿತು. ಏಳಬೇಕು. ಇನ್ನೇನು ಏಳಬೇಕು ಅನ್ನುವಾಗ ಗಂಡ ಕೈ ಎತ್ತಿದ.

"ಎದ್ದಳು," ಎಂದ.

ಅವಳು ಎದ್ದಿರಲಿಲ್ಲ. ಬೆರಳನ್ನೂ ಅಲುಗಿಸಿರಲಿಲ್ಲ. ಅಂಗಡಿಯವನು ಅವಳನ್ನು ನೋಡಿ ಹುಬ್ಬು ಹಾರಿಸಿದ. ಅವಳು ಕೊರಡಿನ ಹಾಗೆ ಬಿದ್ದುಕೊಂಡಳು. ಗಂಡನ ಕೈ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಬಂತು.

"ಈಗ ವಾಪಸು ಬಂದಳು."

ಅಂಗಡಿಯವನ ನಗು ಅಲ್ಲಿಗೇ ನಿಂತಿತು.

ಇಲ್ಲದ ಸದ್ದಿಗೆ ಕೈ ಎತ್ತುವವರನ್ನು ಅವಳು ಬಲ್ಲಳು. ಹೇಗಾದರೂ ಪಾಸಾಗಬೇಕೆಂದು ಎತ್ತುವವರಿದ್ದಾರೆ. ಅವರ ಕೈ ಅಳುಕುತ್ತದೆ, ಕಣ್ಣು ಗಾಜಿನ ಕಡೆ ಹೊರಳುತ್ತದೆ. ಇನ್ನು ಕೆಲವರಿಗೆ ನಿಜವಾಗಿಯೂ ಕೇಳಿಸಿರುತ್ತದೆ. ಅವರ ಕೈ ಅಳುಕುವುದಿಲ್ಲ.

ಗಂಡನ ಕೈ ಅಳುಕಿರಲಿಲ್ಲ.

ಅವನು ಕಣ್ಣು ಬಿಟ್ಟು, "ಸರಿಯಾಗಿ ಹೇಳಿದ್ನಾ?" ಎಂದು ಕೇಳಿದ.

"ಹ್ಞೂ. ಸರಿಯಾಗಿ."

ಹೀಗೇಕೆ ಅಂದೆ ಎಂದು ಅವಳಿಗೇ ತಿಳಿಯಲಿಲ್ಲ. ಬೇಸರ ಮಾಡಬಾರದೆಂಬ ಹಳೆಯ ರೂಢಿ, ಅಷ್ಟೇ. ಅಂಗಡಿಯವನು ಅವಳ ಮುಖವನ್ನೊಮ್ಮೆ ನೋಡಿ, ಸರಿಯಾಗಿಯೇ ಇದ್ದ ದಿಂಬನ್ನು ಮತ್ತೆ ಸರಿಮಾಡಿದ.

ಈಗ ಅವಳ ಸರದಿ. ಕಣ್ಣು ಮುಚ್ಚಿದಳು. ಈ ಕೆಲಸದಲ್ಲಿ ತನ್ನನ್ನು ಮೀರಿಸುವವರು ಯಾರು ಎಂಬ ಸಣ್ಣ ಜಂಬವೂ ಇತ್ತು. ಪಕ್ಕದಲ್ಲಿ ಗಂಡನ ಭಾರ ಸ್ಪಷ್ಟವಾಗಿತ್ತು. ಹಾಸಿಗೆ ಆ ಕಡೆ ತುಸು ಇಳಿದಿತ್ತು. ಮೈಯ ಶಾಖ ತೋಳಿಗೆ ತಾಗುತ್ತಿತ್ತು. ಮೂಗಿನ ತುದಿಯಲ್ಲಿ ಸಿಳ್ಳೆಯಂತೆ ಎಳೆಯುವ ಆ ಉಸಿರೂ ಕೇಳುತ್ತಿತ್ತು. ಒಂದು ವರ್ಷದಿಂದ ಇಷ್ಟು ಹತ್ತಿರದಲ್ಲಿ ಕೇಳದ ಉಸಿರು. ಅವಳು ಕೈ ಎತ್ತಲಿಲ್ಲ. ಅವನು ಏಳದಿದ್ದರೇ ಒಳ್ಳೆಯದು ಅನ್ನಿಸಿತು.

"ಇದರೊಳಗೆ ತುಂಬಿರೋದು ಹತ್ತೀನಾ?"

ಗಂಡನ ದನಿ. ದೂರದಿಂದ.

ಅವಳು ಕಣ್ಣು ಬಿಟ್ಟಳು. ಗಂಡ ಅಂಗಡಿಯ ಆ ತುದಿಯಲ್ಲಿ ದಿಂಬೊಂದನ್ನು ಹಿಚುಕುತ್ತ ನಿಂತಿದ್ದ. ಪಕ್ಕಕ್ಕೆ ತಿರುಗಿದಳು. ಭುಜ, ಬೆನ್ನು, ಸೊಂಟ; ಒಬ್ಬ ಮನುಷ್ಯನ ಅಚ್ಚು ಹಾಸಿಗೆಯಲ್ಲಿ ಮೂಡಿತ್ತು. ಬುಡದಿಂದ ನಿಧಾನವಾಗಿ ತುಂಬಿಕೊಳ್ಳುತ್ತ, ಮಲಗಿದ್ದವನು ಈಗಷ್ಟೇ ಏಳುತ್ತಿರುವಂತೆ ಮೇಲೆ ಬರುತ್ತಿತ್ತು.

"ನೋಡಿದ್ರಾ?" ಅಂಗಡಿಯವನಿಗೆ ಖುಷಿಯೋ ಖುಷಿ. "ಸರ್ ಎದ್ದೋಗಿ ಎಷ್ಟೊತ್ತಾಯ್ತು. ಗೊತ್ತೇ ಆಗ್ಲಿಲ್ಲ ಅಲ್ವಾ?"

"ಹಾಗಾದ್ರೆ ಇಲ್ಲಿ ಇಷ್ಟೊತ್ತು..." ಎಂದು ಅವಳು ಆ ಅಚ್ಚಿನ ಕಡೆ ಕೈ ತೋರಿಸಿದಳು.

"ಹೆಸರಿಗೆ ಮೆಮರಿ ಮೇಡಂ. ನಿಜ ಹೇಳ್ಬೇಕಂದ್ರೆ ಮರೆಯೋ ಹಾಸಿಗೆ. ನಿಧಾನಕ್ಕೆ ಮರೆಯುತ್ತೆ, ಅಷ್ಟೇ."

ಗಂಡ ಬಂದ. "ಇದೇ ಆಗಲಾ?"

"ನಿಮಗೆ ಹೇಗನ್ಸುತ್ತೋ ಹಾಗೆ."

"ನನಗೇನು, ನಿನ್ನ ನಿದ್ದೆ ಮುಖ್ಯ."

"ನಿಮ್ಮ ಬೆನ್ನು ಮುಖ್ಯ."

"ಇಷ್ಟು ಹೊಂದಾಣಿಕೆ ಇರೋ ಜೋಡೀನ ನಾನು ನೋಡೇ ಇಲ್ಲ," ಎಂದ ಅಂಗಡಿಯವನು. ಯಾರನ್ನೂ ನೋಡದೆ ಬಿಲ್ಲು ಹರಿದು ಕೊಟ್ಟ.

ಕಾರಿನಲ್ಲಿ ಅವಳು ಮೆಲ್ಲಗೆ ಕೇಳಿದಳು. "ಆಗ ಕೈ ಎತ್ತಿದ್ರಲ್ಲ, ಹೇಗೆ ಗೊತ್ತಾಯ್ತು?"

"ನಿನ್ನ ತೂಕ ನನಗೆ ಗೊತ್ತಿಲ್ವೇನೇ?" ಎಂದ ಗಂಡ.

'ಏನೇ' ಎಂದಿದ್ದ. ಆ ಸಲಿಗೆ ಅವಳ ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ನಾನು ಎದ್ದೇ ಇರಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಆದರೆ ಆ ಮಾತು ತನಗೆ ಬಂದದ್ದೋ, ಅಂಗಡಿಯಲ್ಲಿ ಎದ್ದು ಹೋಗಿ ವಾಪಸು ಬಂದವಳಿಗೆ ಬಂದದ್ದೋ ಎಂದು ಮನೆ ಮುಟ್ಟುವ ತನಕ ಕೊರೆಯುತ್ತಲೇ ಇತ್ತು. ಹಿಂದಿನ ಸೀಟನ್ನು ಒಮ್ಮೆ ತಿರುಗಿ ನೋಡಿದಳು. ಅಲ್ಲಿ ಹಾಸಿಗೆಯ ಜೊತೆ ಕೊಂಡ ದಿಂಬುಗಳಷ್ಟೇ ಇದ್ದವು.

ಸಂಜೆ ಬಿಸಿಲು ಇನ್ನೂ ಕಿಟಕಿಯಲ್ಲಿರುವಾಗಲೇ ಹಾಸಿಗೆ ಬಂತು. ಕಂಬಳಿಯಂತೆ ಸುತ್ತಿ ಪ್ಲಾಸ್ಟಿಕ್ಕಿನಲ್ಲಿ ಬಿಗಿದಿದ್ದರು. ಹೊತ್ತು ತಂದವನು ಹಳೆಯದನ್ನು ಮಡಚಿ ಹೊರಗಿಟ್ಟು, ಹೊಸದನ್ನು ಮಂಚದ ಮೇಲೆ ಬಿಡಿಸಿ ಪ್ಲಾಸ್ಟಿಕ್ ಸೀಳಿದ. ಅದು ದೀರ್ಘವಾಗಿ ಉಸಿರೆಳೆದುಕೊಂಡಿತು.

"ಸ್ವಲ್ಪ ಹೊತ್ತು ಯಾರೂ ಮುಟ್ಟಬೇಡಿ ಅಕ್ಕಾ," ಎಂದು ಹೋಗುವಾಗ ಹೇಳಿದ. "ಮೊದಲು ಅದು ಉಸಿರಾಡ್ಲಿ, ಆಮೇಲೆ ನೀವು."

ಮಂಚದ ಆಚೆಗೊಬ್ಬರು ಈಚೆಗೊಬ್ಬರು ಕುರ್ಚಿ ಹಾಕಿಕೊಂಡು, ಕಾಯಿಲೆಯವರನ್ನು ನೋಡಲು ಬಂದವರ ಹಾಗೆ ಕೂತರು. ಹಾಸಿಗೆ ಉಬ್ಬುತ್ತಲೇ ಇತ್ತು. ಅದು ಉಬ್ಬಿದಷ್ಟೂ ಕೋಣೆಯ ಸದ್ದು ಕಡಿಮೆಯಾಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ಇಷ್ಟು ಹೊತ್ತೂ ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಈಗ ಮುಳ್ಳು ಮಾತ್ರ ಓಡುತ್ತಿತ್ತು.

ಗಂಡ ಎದ್ದು ಹೊರಗೆ ಹೋದ. ಮತ್ತೆ ದಿವಾನಕ್ಕೇ ಹೋದ ಅಂದುಕೊಂಡಳು ಅವಳು. ಆದರೆ ದಿವಾನದ ಮೇಲಿನ ತನ್ನ ಹಳೆಯ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ತಿರುಗಿ ಬಂದ. ಯಾರೂ ಕರೆಯದೆಯೇ ಬಂದ. ಅದನ್ನು ತನ್ನ ಕಡೆ ಇಟ್ಟು, "ನೋಡೋಣ್ವಾ?" ಎಂದ.

ಮಲಗಿದರು. ಇಬ್ಬರ ನಡುವೆ ಒಂದು ಮೊಳ ಜಾಗ. ಹೇಳಿಬಿಡಬೇಕು ಅಂದುಕೊಂಡಳು. ಅಂಗಡಿಯಲ್ಲಿ ನಡೆದದ್ದನ್ನೂ, ಭುಜ ಬಿಸಿಯಾದದ್ದನ್ನೂ, ಸ್ಪ್ರಿಂಗಿನದೇ ಬೇಕಿತ್ತು ಎಂಬುದನ್ನೂ. ಅದಕ್ಕೆ ಮೊದಲು ಒಂದೇ ಒಂದು ಸಲ ಅವನು ಸರಿಯಾಗಿ ಕೈ ಎತ್ತಿದರೆ ಸಾಕು.

"ರೀ, ಇನ್ನೊಂದು ಸಲ ಕಣ್ಣು ಮುಚ್ಚಿ."

"ಮತ್ತೆ ಪರೀಕ್ಷೆನಾ?" ಗಂಡ ನಕ್ಕ. "ನಿನ್ನ ಕಸುಬು ಮನೆಗೂ ಬಂತು." ಆದರೂ ಮುಚ್ಚಿದ.

ಈ ಸಲ ಅವಳು ನಿಜವಾಗಿಯೂ ಎದ್ದಳು. ಬೇಕೆಂದೇ ಕೈಯೂರಿ, ಮೈಭಾರವನ್ನೆಲ್ಲ ಹಾಕಿ ಎದ್ದಳು. ನಾಲ್ಕು ಹೆಜ್ಜೆ ನಡೆದು ಬಾಗಿಲ ಬಳಿ ನಿಂತಳು.

ಗಂಡನ ಕೈ ಏಳಲಿಲ್ಲ.

ಕಾದಳು. ಅವನ ಮುಖದಲ್ಲಿ ನಗು ಹಾಗೆಯೇ ಇತ್ತು.

"ಯಾಕೇ, ಏಳೋದೇ ಇಲ್ವಾ?" ಎಂದ, ಕಣ್ಣು ಮುಚ್ಚಿಕೊಂಡೇ.

ಇಲ್ಲಿದ್ದೀನಿ ಎಂದಳು. ತುಟಿಗಳು ಅಲುಗಿದ್ದು ಅವಳಿಗೆ ತಿಳಿಯಿತು. ದನಿ ಅವಳಿಗೇ ಕೇಳಿಸಲಿಲ್ಲ.

"ಹೋಗ್ಲಿ ಬಿಡು," ಎಂದ ಗಂಡ, ಪಕ್ಕಕ್ಕೆ ಹೊರಳುತ್ತ. "ಏಳಬೇಡ. ಹೀಗೇ ಇರು. ಚೆನ್ನಾಗಿದೆ."

ಅವನ ಕೈ ಆ ಒಂದು ಮೊಳವನ್ನು ದಾಟಿ ಅವಳ ಜಾಗಕ್ಕೆ ಬಂತು. ಅದು ಹಾಸಿಗೆಯ ತಗ್ಗಿಗೆ ಬೀಳುವುದನ್ನೇ, ಬಿದ್ದು ಅವನು ಬೆಚ್ಚಿ ಕಣ್ಣು ಬಿಡುವುದನ್ನೇ ಅವಳು ಬಾಗಿಲ ಚೌಕಟ್ಟನ್ನು ಹಿಡಿದು ಕಾದಳು. ಕೈ ಬೀಳಲಿಲ್ಲ. ಅವಳ ಅಚ್ಚಿನ ಮೇಲೆ, ಒಂದು ಗೇಣು ಎತ್ತರದಲ್ಲಿ, ಮಗ್ಗುಲಾಗಿ ಮಲಗಿದವರ ಭುಜ ಇರುವಷ್ಟು ಎತ್ತರದಲ್ಲಿ, ಅದು ಆತುಕೊಂಡು ನಿಂತಿತು. ಬೆರಳುಗಳು ಮೆಲ್ಲಗೆ ತಟ್ಟತೊಡಗಿದವು.

ಕೆಳಗಿನ ತಗ್ಗು, ಇನ್ನೂ ಯಾರದೋ ಭಾರ ಹೊತ್ತಿರುವಂತೆ, ಮೇಲೆ ಬರಲಿಲ್ಲ.