ಒಣ ಮರಳು

“ಕೈಗೆ ಲಕ್ವ ಹೊಡ್ದಿದೆಯೇನೇ, ಮುಂಡೆ? ಸರಿಯಾಗಿ ಹಾಕು!” ಎಂಜಿನ್ನಿನ ಬಾಗಿಲಲ್ಲಿ ಜೋತುಬಿದ್ದು ಮೇನೇಜರು ಕೂಗಿದ.

ಮರಳಕ್ಕ ತಲೆ ಎತ್ತಲಿಲ್ಲ. ಮಳೆ ಹನಿಯುತ್ತಿತ್ತು. ಬುಟ್ಟಿಯ ಮೇಲಿನ ಗೋಣಿ ಸರಿಸಿ, ಹಿಡಿ ಮರಳು ತೆಗೆದು ಹಳಿಗೆ ಉದುರಿಸುತ್ತ ಎಂಜಿನ್ನಿನ ಮುಂದೆ ನಡೆದಳು. ಎಡ ಹಳಿಗೆ ಅವಳು, ಬಲ ಹಳಿಗೆ ನಾದಿನಿ. ಈ ಏರಿನಲ್ಲಿ ಒದ್ದೆ ಹಳಿಯ ಮೇಲೆ ಚಕ್ರ ಜಾರಬಾರದೆಂದರೆ ಹುರಿದು ಒಣಗಿಸಿದ ಮರಳೇ ಬೇಕು. ಒಂದು ಕಾಡಿಗೆ ಕಾಡೇ ದಿಮ್ಮಿಗಳಾಗಿ ಗುಡ್ಡ ದಾಟಿ ಹೋದದ್ದು ಈ ಹೆಂಗಸರ ಹಿಡಿ ಮರಳಿನ ಮೇಲೆ. ಈಗ ಕಡಿಯಲು ಮರವಿಲ್ಲ. ಇದೇ ಕೊನೆಯ ಓಟ. ದಿಮ್ಮಿಗಳ ಜಾಗದಲ್ಲಿ ಬೆಂಚು ಹಾಕಿ ಕಂಪನಿಯ ಅತಿಥಿಗಳನ್ನು ಕೂರಿಸಿದ್ದರು. ನಾಳೆಯಿಂದ ಹಳಿ ಕೀಳುತ್ತಾರೆ.

“ಇಷ್ಟು ವರ್ಷದಲ್ಲಿ ಒಂದು ಸಲಾನೂ ಈ ಏರಲ್ಲಿ ನಿಂತಿಲ್ಲ ಸಾರ್!” ಮೇನೇಜರು ಅತಿಥಿಗಳಿಗೆ ಹೇಳುತ್ತಿದ್ದ.

“ಕೇಳಿದ್ಯಾ ಅತ್ತಿಗೆ? ಇವನ ಬಾಯಿಗೆ ಮಣ್ಣು ಹಾಕ,” ನಾದಿನಿ ಗೊಣಗಿದಳು.

ನಿಂತಿರಲಿಲ್ಲ, ನಿಜ. ದಿಮ್ಮಿಗಳ ಮೇಲೆ ಕೂತು ಬ್ರೇಕು ತಿರುಗಿಸುತ್ತಿದ್ದ ಮರಳಕ್ಕನ ಗಂಡ ಬಂಡೆಯ ತಿರುವಿನಲ್ಲಿ ಜಾರಿ ಚಕ್ರದಡಿ ಬಿದ್ದಾಗಲೂ ನಿಂತಿರಲಿಲ್ಲ. ಚೀರಿದ್ದು ಕೇಳಿ ಅವಳು ತಿರುಗಿದ್ದಳು. “ನಿಂತ್ರೆ ಮತ್ತೆ ಹತ್ತಲ್ಲ, ಹಾಕೇ ಮರಳು!” ಎಂದು ಇದೇ ಬಾಯಿ ಅರಚಿತ್ತು. ಎಂಜಿನ್ನು ಗುಡ್ಡದ ನೆತ್ತಿ ಮುಟ್ಟುವವರೆಗೂ ಅವಳ ಹೆದರಿದ ಕೈ ಉದುರಿಸುತ್ತಲೇ ಹೋಗಿತ್ತು. ಅವಳು ಓಡಿ ವಾಪಸು ಬರುವಷ್ಟರಲ್ಲಿ ಅವನ ಮೈ ತಣ್ಣಗಾಗಿತ್ತು.

ಬಂಡೆಯ ತಿರುವು ಬಂತು. ಮರಳಕ್ಕ ಹಳಿ ಬಿಟ್ಟು ಪಕ್ಕಕ್ಕಿಳಿದಳು. ಅಂದು ಗಂಡನ ಮೈ ಬಿದ್ದಿದ್ದ ಜಾಗದಲ್ಲಿ ಬುಟ್ಟಿ ಬೋರಲು ಹಾಕಿದಳು. ನಾದಿನಿಯ ಕೈಯೂ ನಿಂತಿತು. ಚಕ್ರಗಳು ಕಿರುಚಿ ನಿಂತಲ್ಲೇ ಸುತ್ತಿದವು. ಡ್ರೈವರು ಬ್ರೇಕು ಹಾಕಿದ.

“ಏನೇ ಮಾಡ್ದೆ, ಹಾಳಾದವಳೇ?” ಮೇನೇಜರು ಅರಚಿದ.

“ನಿಲ್ಸ್ದೆ.”

“ಬಿಡಾರ ಖಾಲಿ ಮಾಡಿಸ್ತೀನಿ!”

“ನಾಳೆ ಹೇಗೂ ಮಾಡಿಸ್ತೀಯಲ್ಲಪ್ಪ,” ಎಂದಳು ನಾದಿನಿ.

ಮೇನೇಜರು ಧುಮುಕಿ, ಕೆಳಗಿನ ಮರಳಿಗೆ ಕೈ ಹಾಕಿದ. ಮಳೆಗೆ ಆಗಲೇ ಮುದ್ದೆಯಾಗಿ ಬೆರಳಿಗಂಟಿತು. ಮರಳಕ್ಕ ಅವನ ಕೈ ಸರಿಸಿ, ಮಂಡಿಯೂರಿ, ಅಂಗೈಯಿಂದ ಅದನ್ನು ಉದ್ದಕ್ಕೆ ಸವರತೊಡಗಿದಳು, ಹಾಸಿಗೆ ಸರಿಮಾಡುವಂತೆ.

ಅವನು ನಾದಿನಿಯತ್ತ ತಿರುಗಿದ. “ನಿನ್ ಬುಟ್ಟೀಲಿ ಒಣಗಿದ್ದು ಇದ್ಯಲ್ಲ, ಹಾಕೇ!”

ನಾದಿನಿ ಗೋಣಿ ತೆಗೆದಳು. ಹಳಿ ದಾಟಿ ಬಂದು ಅತ್ತಿಗೆಯ ಪಕ್ಕ ಕೂತಳು.

“ಕಾಲಿನ ಕಡೆ ಸಾಲ್ದು ಅತ್ತಿಗೆ,” ಎಂದು ಬುಟ್ಟಿ ಬಗ್ಗಿಸಿದಳು. “ನಮ್ಮಣ್ಣ ಉದ್ದ ಇದ್ದ.”