ಆರು ಗಂಟೆಯ ಸವಾಲು

ಭಾನುವಾರ ಸಂಜೆ ಆರು ಹತ್ತಿರ ಬಂತೆಂದರೆ ಮದೀಹಾಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಒಲೆ ಹಚ್ಚುವಳು, ಚಹಾಕ್ಕೆ ನೀರಿಡುವುದನ್ನು ಮರೆತು ಹೊರಗೆ ಬರುವಳು. ಕೈಯಲ್ಲಿ ಮೊಬೈಲ್. ವಾಟ್ಸಾಪ್ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದರು. ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ.

ಅವಳ ಗಂಡ ಫಯಾಜನಿಗೆ ಚನ್ನಗಿರಿಯ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ರಿಪೇರಿ ಅಂಗಡಿ. ಅಡಿಕೆ ಸುಲಿಯುವ ಮಶೀನು, ಹಿಟ್ಟಿನ ಗಿರಣಿ, ಔಷಧಿ ಹೊಡೆಯುವ ಪಂಪು, ಹೀಗೆ ಹಳೆಯದನ್ನು ಕೊಂಡು, ಬಿಚ್ಚಿ, ಸರಿಮಾಡಿ ಇಡುತ್ತಿದ್ದ. ಅವುಗಳ ಫೋಟೊ ತೆಗೆದು ಗುಂಪಿಗೆ ಹಾಕಿ ಸವಾಲು, ಅಂದರೆ ಹರಾಜು, ನಡೆಸುವುದು ಮದೀಹಾಳ ಕೆಲಸ. ಹೊನ್ನಾಳಿ, ನ್ಯಾಮತಿ, ಜಗಳೂರಿನವರೆಗೂ ಕೊಳ್ಳುವವರಿದ್ದರು. ಕಟ್ಟಳೆ ಒಂದೇ: ಭಾನುವಾರ ಆರು ಗಂಟೆಗೆ ಮುಕ್ತಾಯ, ಅದರೊಳಗೆ ಹೆಚ್ಚು ಕೂಗಿದವರಿಗೆ ಮಾಲು.

ಈ ಕಟ್ಟಳೆಯ ಒಳಗುಟ್ಟು ಜನರಿಗೆ ಬೇಗ ತಿಳಿದುಹೋಗಿತ್ತು. ವಾರವಿಡೀ ಸುಮ್ಮನಿದ್ದು ಕೊನೆಯ ಗಳಿಗೆಯಲ್ಲಿ ನೂರು ರೂಪಾಯಿ ಹೆಚ್ಚಿಗೆ ಹಾಕಿದರೆ, ಎದುರಿನವನಿಗೆ ಮರುಕೂಗಲು ಹೊತ್ತೇ ಇರುತ್ತಿರಲಿಲ್ಲ. ಇದರಲ್ಲಿ ಪಳಗಿದವನು ನ್ಯಾಮತಿಯ ಮುಬೀನ್. ಸೂರಗೊಂಡನಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಅವನದೊಂದು ಊಟದ ಹೋಟೆಲ್ ಇತ್ತು.

ಆ ವಾರ ಸವಾಲಿಗಿದ್ದದ್ದು ರೊಟ್ಟಿ ಮಶೀನು. ಹಿಟ್ಟಿನ ಉಂಡೆ ಇಟ್ಟರೆ ಒತ್ತಿ ಅಗಲ ಮಾಡಿಕೊಡುವಂಥದ್ದು. ಜಗಳೂರು ಕಡೆಯ ಸೊಕ್ಕೆಯಿಂದ ಪವಿತ್ರ ಎಂಬಾಕೆ ಸೋಮವಾರವೇ ಕೂಗಿದ್ದಳು. ಅವಳೂ ಅತ್ತೆ ಶಂಕರಮ್ಮನೂ ದಾವಣಗೆರೆಯ ಮೆಸ್ಸುಗಳಿಗೆ ಜೋಳದ ರೊಟ್ಟಿ ತಟ್ಟಿ ಕಳಿಸುತ್ತಿದ್ದರು. ಅತ್ತೆಯ ಬಲಗೈ ಹೆಗಲಿನಿಂದ ಮೇಲಕ್ಕೆ ಏಳದಂತಾಗಿ ತಿಂಗಳಾಗಿತ್ತು. ಯಾರಾದರೂ ಮೇಲೆ ಕೂಗಿದರೆ ಪವಿತ್ರ ಮುಚ್ಚುಮರೆಯಿಲ್ಲದೆ ತಾನೂ ಮೇಲೆ ಕೂಗುತ್ತ ಬಂದಿದ್ದಳು.

ಗಡಿಯಾರ ಆರಕ್ಕೆ ತಾಗುತ್ತಿದ್ದಂತೆ ಎರಡು ಸಂದೇಶಗಳು ಒಂದರ ಬೆನ್ನಿಗೊಂದು ಬಿದ್ದವು. ಮೊದಲು ಮುಬೀನನದು, ಇಪ್ಪತ್ತೊಂದು ಸಾವಿರ. ಅದರ ಕೆಳಗೆ ಪವಿತ್ರಳದು, ಇಪ್ಪತ್ತೊಂದೂವರೆ. ಆದರೆ ಮದೀಹಾಳ ಫೋನಿನಲ್ಲಿ ಪವಿತ್ರಳ ಸಂದೇಶದ ಪಕ್ಕ ಆರು ಗಂಟೆ ಎಂದಿತ್ತು. ಹೊತ್ತು ಮೀರಿತ್ತು. ಮದೀಹಾ ಮುಬೀನನ ಹೆಸರು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಅಕ್ಕಾ, ನಾನು ಪವಿತ್ರ. ನನ್ನ ಫೋನ್ನಾಗೆ ಐದು ಐವತ್ತೊಂಬತ್ತು ಅಂತೈತೆ. ಫೋಟೊ ಹೊಡ್ದು ಕಳ್ಸೀನಿ, ನೋಡ್ರಿ."

ಮದೀಹಾ ನೋಡಿದಳು. ಐದು ಐವತ್ತೊಂಬತ್ತು ಎಂದೇ ಇತ್ತು. ಒತ್ತಿದ ಹೊತ್ತು ಅದು; ಸೊಕ್ಕೆಯ ಸಿಗ್ನಲ್ ಹಿಡಿದು ಚನ್ನಗಿರಿ ತಲುಪುವಷ್ಟರಲ್ಲಿ ನಿಮಿಷ ಉರುಳಿತ್ತು.

ಅಷ್ಟರಲ್ಲಿ ಮುಬೀನನೂ ಫೋನ್ ಮಾಡಿದ. "ಆಪಾ, ಕಟ್ಟಳೆ ಅಂದ್ರೆ ಕಟ್ಟಳೆ. ನಾನು ಮೋಸ ಮಾಡಿಲ್ಲ. ಮುಂಚೆನೇ ಕೂಗಿದ್ರೆ ಹೋಟೆಲ್‌ನವನು, ದುಡ್ಡು ಐತೆ ಅಂತ ಎಲ್ರೂ ಏರಿಸ್ತಾರೆ. ಅದಕ್ಕೇ ಕೊನೆಗೆ ಕೂಗ್ತೀನಿ. ಅದರಲ್ಲಿ ತಪ್ಪೇನೈತೆ ಹೇಳ್ರಿ."

ಇಬ್ಬರ ಮಾತೂ ಮದೀಹಾಗೆ ಸರಿಯೆನಿಸಿತು. ಇಬ್ಬರಿಗೂ "ಎರಡು ದಿನ ಕಾಯಿರಿ" ಎಂದಳು. ಅಂದು ಹುಳಿಗೆ ಎರಡು ಸಲ ಉಪ್ಪು ಬಿತ್ತು.

ಅವಳ ಮಾವ ಬುಡನ್‌ಸಾಬ್ ಹರೆಯದಲ್ಲಿ ಹುಣಸೆ ಮರಗಳ ಫಸಲಿನ ಸವಾಲು ನಡೆಸಿದವರು. ಊಟಕ್ಕೆ ಕೂತಾಗ ಹೇಳಿದರು: "ನಮ್ಮ ಕಾಲದಾಗೆ ಗಡಿಯಾರ ಎಲ್ಲಿತ್ತು ಬೇಟಿ? ಒಂದು ಸಲ, ಎರಡು ಸಲ ಅಂತ ಕೂಗ್ತಿದ್ದೆ. ಇನ್ನೂ ಯಾರಾದ್ರೂ ಬಾಯಿ ತೆಗೀತಾರಾ ಅಂತ ಒಬ್ಬೊಬ್ಬರ ಮುಖ ನೋಡ್ತಿದ್ದೆ. ಎಲ್ರೂ ಸುಮ್ಮನಾದ ಮೇಲೇ ಮೂರನೇ ಸಲ."

ಇದು ಮದೀಹಾಗೆ ಹಿಡಿಸಿತು. ಬುಧವಾರ ಮಧ್ಯಾಹ್ನ ಮರುಸವಾಲು, ಅವರಿಬ್ಬರಿಗೆ ಮಾತ್ರ. ಗಡುವಿಲ್ಲ. ಒಬ್ಬರು ಕೂಗಿದ ಮೇಲೆ ಐದು ನಿಮಿಷ ಕಾಯುವುದು, ಅಷ್ಟರಲ್ಲಿ ಇನ್ನೊಬ್ಬರು ಕೂಗದಿದ್ದರೆ ಮುಗಿಯಿತು. ಯಾರ ಸಿಗ್ನಲ್ ಹೇಗಿದ್ದರೂ ಐದು ನಿಮಿಷದಲ್ಲಿ ಸಂದೇಶ ತಲುಪದೆ ಇರದು. ಇಬ್ಬರೂ ಒಪ್ಪಿದರು. ಉಳಿದವರು ಗುಂಪಿನಲ್ಲಿ ನೋಡಲು ಕೂತರು.

ಬುಧವಾರ ಮೊದಲರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಇಪ್ಪತ್ತೆರಡು, ಇಪ್ಪತ್ತಮೂರು. ಮದೀಹಾ ಅಂಗಡಿಯ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳುತ್ತಿದ್ದಳು, ಅವನು ಸ್ಪ್ಯಾನರ್ ಹಿಡಿದು ನಗುತ್ತಿದ್ದ. ಇಪ್ಪತ್ತೆಂಟು ದಾಟಿದ ಮೇಲೆ ನಗು ನಿಂತಿತು. ಗುಂಪಿನವರು ನಡುವೆ ನಡುವೆ ಚಪ್ಪಾಳೆಯ ಚಿತ್ರ ಹಾಕುತ್ತಿದ್ದರು. "ಬಿಡಬೇಡ ಮುಬೀನಣ್ಣ" ಎಂದು ಹೊನ್ನಾಳಿಯ ಒಬ್ಬ ಬರೆದ. "ಸೊಕ್ಕೆ ಹುಲಿ" ಎಂದು ಇನ್ನೊಬ್ಬ.

ಮೂವತ್ತೆರಡು. ಮೂವತ್ನಾಲ್ಕು. ಐದನೇ ನಿಮಿಷ ಮುಗಿಯುವ ಹೊತ್ತಿಗೆ ಸರಿಯಾಗಿ ಒಂದು ಕಡೆಯಿಂದ ಕೂಗು ಬೀಳುವುದು. ಮತ್ತೆ ಐದು ನಿಮಿಷ. ಅಂಗಡಿಯಿಂದ ಬೀದಿಗೆ, ಬೀದಿಯಿಂದ ಅಂಗಡಿಗೆ ಮದೀಹಾ ಓಡಾಡಿದಳು.

"ಇನ್ನೊಂದು ಸ್ವಲ್ಪ ಹಾಕಿದ್ರೆ ದಾವಣಗೆರೆಯಾಗೆ ಹೊಸದೇ ಬರ್ತೈತೆ," ಎಂದ ಫಯಾಜ್. ಅವನ ದನಿಯಲ್ಲಿ ಸಂತೋಷವಿರಲಿಲ್ಲ. "ನನ್ನ ಹಳೇ ಮಶೀನಿಗೆ ಇಷ್ಟು ತಗಂಡ್ರೆ ನಾಳೆ ಅವರು ನಮ್ಮ ಮುಖಕ್ಕೆ ಉಗೀತಾರೆ."

ಅವಳು ಪವಿತ್ರಳಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಆಕೆ ಕೊಟ್ಟಿದ್ದ ಇನ್ನೊಂದು ನಂಬರಿಗೆ ಮಾಡಿದಳು. ಎತ್ತಿಕೊಂಡದ್ದು ಶಂಕರಮ್ಮ.

"ಅವಳು ತಾರಸಿ ಮ್ಯಾಲೆ ನಿಂತಾಳೆ ಕಣಮ್ಮ, ಸಿಗ್ನಲ್ ಸಿಗ್ತೈತೆ ಅಂತ. ಇದು ನನ್ನ ಫೋನು. ಬಿಸಿಲಾಗೆ ನಿಂತಾಳೆ, ಕೆಳಗೆ ಬಾ ಅಂದ್ರೆ ಬರಾಕೆ ಒಲ್ಲಳು. ಆ ಸಾಬ್ರಿಗೆ ಇನ್ನೊಂದು ಸಲ ಸೋಲಲ್ಲ ಅಂತಾಳೆ. ಎಷ್ಟಾಯ್ತು ಈಗ?"

ಮದೀಹಾ ಹೇಳಿದಳು. "ಅಷ್ಟು ನಮ್ಮ ಹತ್ರ ಎಲ್ಲೈತೆ?" ಎಂದರು ಶಂಕರಮ್ಮ. ಅವರ ದನಿ ಸಣ್ಣದಾಗಿತ್ತು.

ಮದೀಹಾ ಮಾವನ ಬಳಿ ಬಂದಳು. "ಅಬ್ಬಾ, ನಿಮ್ಮ ಸವಾಲಿನಾಗೂ ಹಿಂಗಾಗ್ತಿತ್ತಾ?"

"ಆಗ್ತಿತ್ತು. ಇಬ್ಬರು ಹಟಕ್ಕೆ ಬಿದ್ರೆ ಮರದಾಗೆ ಹಣ್ಣು ಎಷ್ಟೈತೆ ಅನ್ನೋದೇ ಮರೆತುಹೋಗೋದು. ಆಗ ಬೀಡಿ ಹಚ್ಚಬೇಕು ಅಂತ ಹೇಳಿ ಸವಾಲು ನಿಲ್ಲಿಸಿಬಿಡ್ತಿದ್ದೆ. ಒಂದೊಂದು ಸಲ ನಿಲ್ಲಿಸಲಿಲ್ಲ. ಮರದ ಒಡೆಯನಿಗೆ ಖುಷಿಯಾಗೋದು, ಮರ ಹಿಡಿದವನ ಮನೆ ಹಾಳಾಗೋದು."

ಅವಳು ಅಲ್ಲೇ ನಿಂತು ಗುಂಪಿಗೆ ಬರೆದಳು: ಸವಾಲು ನಿಲ್ಲಿಸಿದ್ದೇನೆ. ಇವತ್ತು ಕೂಗಿದ್ದು ಯಾವುದೂ ಲೆಕ್ಕಕ್ಕಿಲ್ಲ.

ಗುಂಪು ಕುದಿಯಿತು. ಇದ್ಯಾವ ಸೀಮೆ ಸವಾಲು ಎಂದರು. ಹೆಂಗಸರ ಕೈಗೆ ಕೊಟ್ಟರೆ ಹೀಗೇ ಎಂದೊಬ್ಬ ಬರೆದ. ಮದೀಹಾ ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದಳು: "ರಾತ್ರಿ ಮನೆಯವರ ಜೊತೆ ಮಾತಾಡಿ. ಈ ಮಶೀನು ನಿಮಗೆ ಎಷ್ಟು ಬಾಳ್ತದೆ ಅನ್ನೋದನ್ನ ಬೆಳಿಗ್ಗೆ ನನಗೊಬ್ಬಳಿಗೇ ಹೇಳಿ. ಒಂದೇ ಸಲ. ಹೆಚ್ಚಿಗೆ ಹೇಳಿದವರಿಗೆ ಕೊಡ್ತೀನಿ."

ಬೆಳಿಗ್ಗೆ ಮುಬೀನ್ ಮೊದಲು ಮಾತಾಡಿದ. "ನಿನ್ನೆ ನಂಗೂ ಕೈ ನಿಲ್ಲಲಿಲ್ಲ ಆಪಾ. ನೀವು ನಿಲ್ಲಿಸಿದ್ದು ಒಳ್ಳೇದೇ ಆಯ್ತು," ಎಂದು ಇಪ್ಪತ್ನಾಲ್ಕು ಸಾವಿರ ಹೇಳಿದ.

ಆಮೇಲೆ ಪವಿತ್ರ. ಸಮಾಧಾನವಾಗಿ ಮಾತಾಡಿದಳು. "ಅತ್ತೆ, ನಾನು ಕೂತು ಮಾತಾಡಿದ್ವಿ ಅಕ್ಕಾ. ಇಪ್ಪತ್ಮೂರೂವರೆ."

ಮುಬೀನನಿಗಿಂತ ಐನೂರು ರೂಪಾಯಿ ಕಡಿಮೆ. ಬಿಸಿಲಲ್ಲಿ ತಾರಸಿಯ ಮೇಲೆ ನಿಂತ ಹೆಂಗಸು ಕಣ್ಣಮುಂದೆ ಬಂದಳು. ತಡೆಯುವ ಮೊದಲೇ ಮಾತು ಹೊರಬಿತ್ತು. "ಅಷ್ಟೇನಾ ಪವಿತ್ರಾ?"

ದೂರದಲ್ಲಿ ಯಾರದೋ ಟ್ರ್ಯಾಕ್ಟರ್ ಸದ್ದು ಕೇಳುತ್ತಿತ್ತು.

"ಅಕ್ಕಾ, ಮುಬೀನ್ ಸಾಬ್ರಿಗೂ ಹಿಂಗೇ ಕೇಳಿದ್ರಾ?"

"ಇಲ್ಲ."

"ಹಂಗಾದ್ರೆ ನನಗೂ ಕೇಳಬೇಡ್ರಿ. ಅವತ್ತು ಅವರು ಕದ್ದು ಗೆದ್ರು ಅಂತ ನಾನು ಊರೆಲ್ಲಾ ಬೈಕೊಂಡು ತಿರುಗೀನಿ. ಈಗ ನಾನೇ ಹಂಗೆ ತಗಂಡ್ರೆ, ಆ ಮಶೀನಿನ ಮುಂದೆ ಹೆಂಗೆ ಕೂರ್ಲಿ? ಇಪ್ಪತ್ಮೂರೂವರೆನೇ."

ಅಂದೇ ಮಧ್ಯಾಹ್ನ ಮುಬೀನ್ ಆಟೊ ತಂದು ಮಶೀನು ಹೇರಿಸಿಕೊಂಡ. ಹಗ್ಗ ಬಿಗಿಯುತ್ತ, "ಆ ಹೆಂಗಸು ಎಷ್ಟು ಹೇಳಿದ್ರು?" ಎಂದು ಕೇಳಿದ. ಮದೀಹಾ ಹೇಳಲಿಲ್ಲ. ಅವನು ಮತ್ತೆ ಕೇಳಲೂ ಇಲ್ಲ. ಆಟೊ ತಿರುವಿನಲ್ಲಿ ಮರೆಯಾದ ಮೇಲೂ ಅವಳು ಬಾಗಿಲಲ್ಲೇ ನಿಂತಿದ್ದಳು. ತಾನು ಸರಿಯಾಗಿ ನಡೆದುಕೊಂಡೆನೆಂದು ಹೇಳಿಕೊಳ್ಳುವಂತಿರಲಿಲ್ಲ. ಸರಿಯಾಗಿ ನಡೆದುಕೊಂಡವಳು ಪವಿತ್ರ, ಅವಳು ಸೋತಿದ್ದಳು.

ಆಮೇಲಿನ ಸವಾಲುಗಳೆಲ್ಲ ಅದೇ ರೀತಿ ನಡೆದವು. ಗುಂಪಿನಲ್ಲಿ ಯಾರೂ ಕೂಗುವಂತಿಲ್ಲ. ಕೊಡಬಲ್ಲ ಬೆಲೆಯನ್ನು ಒಂದೇ ಸಲ, ಬೇರೆಯಾಗಿ ಕಳಿಸಬೇಕು. ಮಜಾ ಹೋಯಿತೆಂದು ಅರ್ಧದಷ್ಟು ಜನ ಗುಂಪು ಬಿಟ್ಟರು. ವ್ಯಾಪಾರ ಸ್ವಲ್ಪ ಇಳಿಯಿತು, ಫಯಾಜ್ ಗೊಣಗಿದ. ಮದೀಹಾ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಬೆಲೆಗಳು ಬರುವ ಭಾನುವಾರ ಮತ್ತೆ ಯಾರಿಗೂ ಅಷ್ಟೇನಾ ಎನ್ನದಂತೆ ತನ್ನ ಫೋನನ್ನೇ ಮಾವನ ಕೈಗೆ ಕೊಟ್ಟುಬಿಡುವಳು. ಬುಡನ್‌ಸಾಬರಿಗೆ ಅದನ್ನು ತೆರೆಯಲು ಬರುತ್ತಿರಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ಅದು ಗುರುಗುಟ್ಟಿದಾಗಲೆಲ್ಲ "ಇನ್ನೊಬ್ಬ ಬಂದ" ಎನ್ನುತ್ತಿದ್ದರು. ಮೊದಲು ನೋಡುತ್ತ ಚಡಪಡಿಸುತ್ತಿದ್ದವಳು ಈಗ ನೋಡದೆ ಚಡಪಡಿಸಿದಳು. ಇದು ಹೆಚ್ಚು ಕಷ್ಟವಾಗಿತ್ತು.

ದೀಪಾವಳಿ ಕಳೆದ ಮೇಲೆ ಹೊನ್ನಾಳಿಯಲ್ಲಿ ಮುಚ್ಚಿದ ಮೆಸ್ಸೊಂದರಿಂದ ಫಯಾಜ್ ಇನ್ನೊಂದು ರೊಟ್ಟಿ ಮಶೀನು ತಂದ. ಮೊದಲಿನದಕ್ಕಿಂತ ಚಿಕ್ಕದು, ಒಂದು ಕಾಲು ಬಾಗಿತ್ತು. ಕಾಲು ನೆಟ್ಟಗೆ ಮಾಡಿ ಫೋಟೊ ಹಾಕಿದರು. ಪವಿತ್ರಳಿಗೆ ಬೇರೆಯಾಗಿ ತಿಳಿಸಬೇಕೆಂದು ಮದೀಹಾಳ ಕೈ ಎರಡು ಸಲ ಫೋನಿಗೆ ಹೋಯಿತು. ತಿಳಿಸಲಿಲ್ಲ. ಅವಳಿನ್ನೂ ಗುಂಪಿನಲ್ಲಿದ್ದಾಳೆಯೇ ಎಂದೂ ನೋಡಲಿಲ್ಲ.

ಆ ಭಾನುವಾರ ಮಾವನ ಕೈಯಿಂದ ಫೋನು ಇಸಿದುಕೊಂಡು ತೆರೆದಾಗ ನಾಲ್ಕು ಬೆಲೆಗಳಿದ್ದವು. ಎಲ್ಲಕ್ಕಿಂತ ಹೆಚ್ಚಿನದು ಸೊಕ್ಕೆಯದು. ಅವಳು ಮತ್ತೊಮ್ಮೆ ನೋಡಿದಳು, ಗಂಡನಿಗೂ ತೋರಿಸಿದಳು. ಆಮೇಲೆ ಎಲ್ಲರ ಹೆಸರು ಹಾಕುವಂತೆಯೇ ಪವಿತ್ರಳ ಹೆಸರನ್ನೂ ಗುಂಪಿಗೆ ಹಾಕಿದಳು.

ನಾಲ್ಕು ದಿನದ ಮೇಲೆ ಶಂಕರಮ್ಮನ ದನಿಯ ಸಂದೇಶವೊಂದು ಬಂತು. ಹಿಂದೆ ಗಡಗಡ ಸದ್ದು, ಅದರ ಮೇಲೆ ಏರಿಸಿದ ಕಂಠ: "ಮದೀಹಮ್ಮಾ, ಮಶೀನು ಬಂತು. ರೊಟ್ಟಿ ದುಂಡಗೆ ಬರ್ತಾವೆ. ಸದ್ದು ಮಾತ್ರ ಬಾಳ ಐತೆ, ಸೊಸಿ ಕರೆದ್ರೂ ಕೇಳಲ್ಲ. ನಿನ್ನ ಗಂಡನ್ನ ಒಂದು ಸಲ ಕಳ್ಸು, ಊಟಕ್ಕೂ ಆಗ್ತೈತೆ, ಸದ್ದೂ ನೋಡ್ತಾನೆ."